ಹತ್ತಡಿಗೆ ಎಂಟಡಿ

ಹೊಸ ಮನೆಯ ನಕ್ಷೆ ಆರಿಸುವ ದಿನ ಅಮ್ಮ ಒಂದು ಪುಟ್ಟ ಕೋಣೆಯ ಮೇಲೆ ಬೆರಳಿಟ್ಟು, "ಇದು ನಂಗಿರ್ಲಪ್ಪ, ಬಾಗ್ಲು ಈ ಕಡೆ ಬರ್ಲಿ" ಎಂದಿದ್ದಳು. ಕಾರಿಗೆ ಜಾಗ ಸಾಲದೆಂದು ನಾನು ಆ ಕೋಣೆಯಿಲ್ಲದ ನಕ್ಷೆಗೇ ಸಹಿ ಹಾಕಿದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಾಯ ತೋಡುವ ಮೊದಲೇ ತೀರಿಕೊಂಡಳು.

ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ಮರುದಿನ ನೋಡಿದರೆ, ಕಾರಿನ ಜಾಗದಲ್ಲಿ ಇನ್ನೊಂದು ಕೋಣೆಯ ಗೆರೆಯಿತ್ತು. ಹತ್ತಡಿಗೆ ಎಂಟಡಿ.

"ಮೇಸ್ತ್ರಿ, ಇದನ್ನ್ಯಾಕೆ ಹಾಕಿದ್ರಿ?"

"ನಾನಲ್ಲ ಸಾರ್. ನಿಮ್ಮನೆಯೋರೇ ಯಾರೋ ಹಾಕಿರ್ಬೇಕು."

ಗುಡಿಸಿಬಿಟ್ಟೆವು. ಉರಿಬಿಸಿಲಲ್ಲೂ ಆ ಸುಣ್ಣ ಕೈಗೆ ತಣ್ಣಗೆ ಕೊರೆಯುತ್ತಿತ್ತು. ಮೂರು ದಿನ ಗುಡಿಸಿದೆವು, ಮೂರು ದಿನವೂ ಗೆರೆ ಮೂಡಿತು. ಕೊನೆಗೆ ಹಟಕ್ಕೆ ಬಿದ್ದು ಅದರ ಮೇಲೇ ಕಾಂಕ್ರೀಟ್ ಸುರಿಸಿದೆ.

ಈ ಮನೆಗೆ ಬಂದು ಎರಡು ವರ್ಷವಾಯಿತು. ನೆಲವೆಲ್ಲ ಒಣಗಿದೆ, ಆ ನಾಲ್ಕು ಗೆರೆ ಮಾತ್ರ ಇಂದಿಗೂ ಒದ್ದೆ. ನನ್ನ ಕಾರು ರಸ್ತೆಯಲ್ಲೇ ನಿಲ್ಲುತ್ತದೆ, ನಂಬದವರು ಬಂದು ನೋಡಬಹುದು. ಅಮ್ಮ ಬಾಗಿಲಿಗೆಂದು ತೋರಿಸಿದ್ದ ಕಡೆ ಗೆರೆ ಮೂರಡಿಯಷ್ಟು ಒಣಗಿದೆ. ಯಾರೂ ಕಾಲಿಡದ ನೆಲ ಅದು. ಆದರೂ ಅಲ್ಲಿ ಸಿಮೆಂಟು ನಡೆದು ನಡೆದು ಸವೆದಿದೆ.