ನಲವತ್ತು ನಿಮಿಷದ ದಾರಿ

ಅಪ್ಪ ಸತ್ತ ವರ್ಷ ಅಣ್ಣ ಹೇಳಿದ್ದು ಇಷ್ಟೆ: "ನಿನಗೇನಪ್ಪ, ವಿಮಾನ ನಿಲ್ದಾಣದಲ್ಲಿ ಕೆಲಸ. ಮರದ ಧೂಳು ತಿನ್ನೋ ಕರ್ಮ ನನಗಿರ್ಲಿ." ಹಾಗೆಂದು ಅಪ್ಪನ ಮರ ಕೊಯ್ಯುವ ಸಾಮಿಲ್ಲನ್ನು ಪೂರ್ತಿ ತನ್ನ ಹೆಸರಿಗೆ ಬರೆಸಿಕೊಂಡ. ತಮ್ಮ ತಲೆಯಾಡಿಸಿದ್ದ. ಸರಕು ವಿಭಾಗದಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಬಿದ್ದುಹೋಗುವಷ್ಟು ವರ್ಷ ಕಳೆದರೂ, ಅಂದು ತಲೆಯಾಡಿಸಿದ್ದನ್ನು ಅವನಿಗೆ ಮರೆಯಲಾಗಲಿಲ್ಲ. ಈಗ ಮಿಲ್ಲು ಬೇಕೆಂಬ ಆಸೆಯೂ ಸತ್ತಿತ್ತು. ಅಣ್ಣನಿಗೂ ಇರಬಾರದು, ಅಷ್ಟೆ.

ಸುಡುವುದೇನು ಮಹಾ! ಹಾವು ಸಾಯಬೇಕು, ಕೋಲು ಮುರಿಯಬಾರದು, ಅದು ಕಷ್ಟ. ಮಿಲ್ಲು ಹೊತ್ತಿಕೊಂಡರೆ ಎಲ್ಲರ ಕಣ್ಣು ಮೊದಲು ಬೀಳುವುದು ದಾಯಾದಿಯ ಮೇಲೆ. ಆದರೆ ಅವನಿದ್ದ ಊರಿಗೂ ಅಣ್ಣನ ಮಿಲ್ಲಿದ್ದ ಊರಿಗೂ ನಡುವೆ ಬೆಟ್ಟಸಾಲು ಅಡ್ಡ ಮಲಗಿತ್ತು. ಬಸ್ಸಿನಲ್ಲಿ ಸುತ್ತಿಬಳಸಿ ಹೋದರೆ ಒಂದು ಹಗಲು ಪೂರ್ತಿ. ಹಾರಿದರೆ ನಲವತ್ತು ನಿಮಿಷ. ಟಿಕೆಟ್ ತೆಗೆದರೆ ಹೆಸರು ಉಳಿಯುತ್ತದೆ. ಅವನಿಗೆ ಟಿಕೆಟ್ ಯಾಕೆ? ಬೆಳಗಿನ ಸರಕು ವಿಮಾನದಲ್ಲಿ ಪೈಲಟ್‌ನ ಹಿಂದೆ ಒಂದು ಮಡಚುವ ಸೀಟಿತ್ತು. ನಿಲ್ದಾಣದವರು ತಮ್ಮವರನ್ನು ಅದರಲ್ಲಿ ಗುಟ್ಟಾಗಿ ಕೂರಿಸಿಕೊಂಡು ಹೋಗುವುದು ಹಳೆಯ ರೂಢಿ. ಬಾಯಿಬಿಟ್ಟರೆ ಪೈಲಟ್‌ನ ಲೈಸೆನ್ಸೇ ಹೋಗುತ್ತಿತ್ತು.

"ಏನಯ್ಯಾ, ಹೆಂಗಸಿನ ವಿಷಯಾನಾ?" ಎಂದು ಪೈಲಟ್ ನಕ್ಕಿದ್ದ.

"ಹಾಗೇ ಅಂದ್ಕೋ. ಮಧ್ಯಾಹ್ನ ವಾಪಸ್ ಬರುವಾಗ ಮರೀಬೇಡ."

ಹಿಂದಿನ ಸಂಜೆಯೇ ಅತ್ತಿಗೆಗೆ ಫೋನ್ ಮಾಡಿ ನರಳಿದ: "ಮೈ ಕೆಂಡ ಆಗಿದೆ ಅತ್ತಿಗೆ, ಏಳಕ್ಕೂ ಆಗ್ತಿಲ್ಲ. ನಾಳೆ ಇಡೀ ದಿನ ಹಾಸಿಗೇನೇ." ಇವನದು ಒಂಟಿ ಮನೆ, ನೋಡುವವರಿಲ್ಲ. ಸಾಕ್ಷಿ ಅಣ್ಣನ ಮನೆಯಿಂದಲೇ ಬರಲಿ ಎಂದುಕೊಂಡು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮರುದಿನ ಮಿಲ್ಲಿಗೆ ವಾರದ ರಜೆ, ನರಪಿಳ್ಳೆಯೂ ಇರಲಿಲ್ಲ. ಹಿಂಬದಿಯ ಬೇಲಿ ಸರಿಸಿ ಒಳಹೊಕ್ಕು, ಮರದ ಹೊಟ್ಟಿನ ರಾಶಿಗೆ ಕಿಡಿ ತಾಗಿಸಿದ. ಅದು ಒಳಗೊಳಗೇ ಕನಲುತ್ತಿದ್ದು, ಅವನು ಬೆಟ್ಟ ದಾಟಿದ ಮೇಲೆ ಭುಗಿಲೇಳಲಿತ್ತು. ಅಪ್ಪನ ಹಳೆಯ ಗರಗಸ ಕಂಡಾಗ ಅಳು ಬಂತು. ಕಣ್ಣೊರೆಸಿಕೊಳ್ಳಲೂ ಬೇಸರವಾಯಿತು. ಮಧ್ಯಾಹ್ನ ಮತ್ತೆ ಆ ಸೀಟಿನಲ್ಲಿ ಕೂತಾಗ ಖುಷಿಯೇನೂ ಆಗಲಿಲ್ಲ, ನಿದ್ದೆ ಬಂತು.

ಮನೆಗೆ ಬಂದರೆ ಬಾಗಿಲ ಒಳಬೀಗ ಕಿತ್ತು ನೇತಾಡುತ್ತಿತ್ತು. ಒಳಗೆ ಅವನ ಖಾಲಿ ಹಾಸಿಗೆಯ ಪಕ್ಕ ಒಬ್ಬ ಪೊಲೀಸಿನವನು, ಮಂಚದ ತುದಿಯಲ್ಲಿ ಅಣ್ಣ. "ಅಯ್ಯೋ, ಎಲ್ಲಿಗೆ ಹಾಳಾಗಿ ಹೋಗಿದ್ಯೋ! ನಿಮ್ಮತ್ತಿಗೆ ಜ್ವರ ಅಂದ್ಲು, ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಜನ್ಮದಲ್ಲಿ ವಿಮಾನ ಹತ್ತದವನು, ಬೆಳಿಗ್ಗೆ ಹತ್ತಿ ಬಂದ್ಬಿಟ್ಟೆ. ಎಷ್ಟು ಬಾಗಿಲು ಬಡಿದ್ರೂ ಉತ್ತರ ಇಲ್ಲ. ಒಳಗೆ ಏನಾಗಿ ಬಿದ್ದಿದೀಯೋ ಅಂತ ಇವರನ್ನ ಕರೆಸಿ ಒಡೆಸಿದೆ ಕಣೋ." ಅಣ್ಣನಿಗೂ ಅದು ನಲವತ್ತೇ ನಿಮಿಷದ ದಾರಿ ಎಂಬುದು ತಮ್ಮನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಣ್ಣ ಎದ್ದು ಬಂದು ಅವನ ಹಣೆ ಮುಟ್ಟಿದ. ತಣ್ಣಗಿತ್ತು. "ಎಲ್ಲಿಗೆ ಹೋಗಿದ್ರಿ?" ಎಂದ ಪೊಲೀಸಿನವನು, ಸುಮ್ಮನೆ ಕೇಳುವಂತೆ. ಅಷ್ಟರಲ್ಲಿ ಅಣ್ಣನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಕರೆ ಅತ್ತಿಗೆಯದು.