ಟಿವಿಯೊಳಗಿಂದ ಅಮ್ಮನ ದನಿ

“ನನ್ನ ಮುಂದೆ ನಿಲ್ಲೋ ಯೋಗ್ಯತೆ ಇಲ್ಲ ಕಣೋ ನಿನಗೆ,” ಎಂದಳು ಟಿವಿಯಲ್ಲಿದ್ದ ಕಪ್ಪು ಕೋಟಿನ ಹೆಂಗಸು. ಅದರ ಬೆನ್ನಿಗೇ ಒಂದು ಪದ ಉಗುಳಿದಳು.

ಆ ಪದವನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈ ಪುಸ್ತಕ ನಿಮ್ಮ ಕೈಗೆ ಬರದೆ ನನ್ನ ಮೇಜಿನ ಮೇಲೇ ಕೊಳೆಯುತ್ತದೆ. ಭಾರೀ ಕೆಟ್ಟ ಪದ, ಅಷ್ಟು ತಿಳಿದರೆ ಸಾಕು.

ಗುಬ್ಬಿಯ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಹಾಲಿನ ಲೋಟದೊಳಗೆ ಬಿತ್ತು. ಅದು ಅವಳ ಗಮನಕ್ಕೇ ಬರಲಿಲ್ಲ. ಕೆಟ್ಟ ಪದವೇನೋ ಅವಳು ಮೊದಲೂ ಕೇಳಿದ್ದಳು. ಆದರೆ ಆ ದನಿ ಅವಳ ಅಮ್ಮನದು.

ಕಿವಿಯೇನಾದರೂ ಮೋಸ ಮಾಡಿತೇ ಎಂದುಕೊಂಡು ಇನ್ನಷ್ಟು ಕಿವಿಗೊಟ್ಟಳು. ಕಪ್ಪು ಕೋಟಿನವಳು ಎದುರಿಗಿದ್ದ ಬಡಪಾಯಿಯನ್ನು ನೀರಿಗೆ ತಳ್ಳಿ, ದೋಣಿ ಹತ್ತಿ ನಕ್ಕಳು. ನಗುವಿನ ಕೊನೆಗೆ ಬಿಕ್ಕಳಿಕೆಯಂಥ ಒಂದು ಪುಟ್ಟ ಸದ್ದು. ಪ್ರಪಂಚದಲ್ಲಿ ಹಾಗೆ ನಗುವವರು ಒಬ್ಬರೇ, ಅವರು ಈಗ ಇದೇ ಬೀದಿಯ ಮೂರನೇ ಮನೆಯಲ್ಲಿ ಬಟ್ಟೆ ಮಡಚುತ್ತಾ ಕುಳಿತಿದ್ದಾರೆ.

ಅದು ಶನಿವಾರ ಮಧ್ಯಾಹ್ನ. ಗುಬ್ಬಿ ಬಂದದ್ದು ಸ್ಪ್ರಿಂಗಿನ ಮನೆಗೆ, ಸೈನ್ಸ್ ಚಾರ್ಟ್ ಬರೆಯಲು. ಸ್ಪ್ರಿಂಗು ಅವಳದೇ ಕ್ಲಾಸಿನ ಹುಡುಗ. ಕುಳಿತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಅವನ ಅಪ್ಪನದು ಟೈರ್ ಅಂಗಡಿ. ಶನಿವಾರ ಅರ್ಧ ದಿನಕ್ಕೇ ಬಾಗಿಲು ಹಾಕಿ ಬಂದು, ಕೈಗೆ ಅಂಟಿದ ಮಸಿ ಸೋಪಿನಲ್ಲಿ ಉಜ್ಜಿ, ಟಿವಿ ಹಾಕುತ್ತಾರೆ. ಫೈಟ್ ಸಿನಿಮಾ ಇಲ್ಲದಿದ್ದರೆ ಆ ಮನೆಯಲ್ಲಿ ಶನಿವಾರವೇ ಆಗುವುದಿಲ್ಲ.

ಅಜ್ಜಿಯಂತೂ ಒಂದು ಕೈ ಮೇಲೆ. “ಹಾಕು ಅವನಿಗೆ ಇನ್ನೊಂದು,” ಎನ್ನುತ್ತಾ ಸೋಫಾದ ತುದಿಗೆ ಬಂದು ಕೂರುತ್ತಾರೆ. ಆ ಅಜ್ಜಿಯ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಈಗ ಕಪ್ಪು ಕೋಟಿನವಳು ಹೇಳಿದ ಪದವನ್ನು ಅವರು ಬೆಕ್ಕಿಗೂ ಹೇಳುತ್ತಾರೆ, ಕೆಟ್ಟುಹೋದ ಮಿಕ್ಸಿಗೂ ಹೇಳುತ್ತಾರೆ.

“ಗಂಟಲು ಅಂದ್ರೆ ಇದಪ್ಪಾ,” ಎಂದರು ಅಜ್ಜಿ ಟಿವಿ ನೋಡುತ್ತಾ. “ಇವಳ ಮುಂದೆ ಆ ಹೀರೋ ಇಲಿಮರಿ ಥರ ಕಾಣ್ತಾನೆ.”

ಸ್ಪ್ರಿಂಗು ಮಾತ್ರ ಟಿವಿ ಬಿಟ್ಟು ಗುಬ್ಬಿಯನ್ನೇ ನೋಡುತ್ತಿದ್ದ. ಪ್ರತಿದಿನ ಸಂಜೆ ಗೇಟಿನಲ್ಲಿ ನಿಂತು “ಕಂದಾ, ಕತ್ತಲಾಯ್ತು, ಬಾ” ಎಂದು ಕರೆಯುವ ದನಿ ಅವನಿಗೂ ಗೊತ್ತು.

“ಏಯ್,” ಎಂದು ಅವನು ಪಿಸುಗುಟ್ಟಿದ. “ಅದು ನಿಮ್ಮಮ್ಮ ಅಲ್ವೇನೇ?”

“ಅಲ್ಲ,” ಎಂದಳು ಗುಬ್ಬಿ. ಚಾರ್ಟನ್ನೂ ಸ್ಕೆಚ್ ಪೆನ್ನುಗಳನ್ನೂ ಅಲ್ಲೇ ಬಿಟ್ಟು ಓಡಿದಳು.

ಓಡದೆ ಇನ್ನೇನು ಮಾಡಬೇಕಿತ್ತು ಹೇಳಿ. ಗುಬ್ಬಿಯ ಅಮ್ಮನ ಕೆಲಸ ಡಬ್ಬಿಂಗ್. ಬೇರೆ ಭಾಷೆಯ ಸಿನಿಮಾ ಬಂದರೆ, ಅದರಲ್ಲಿ ಮಾತಾಡುವವರ ತುಟಿಗೆ ಸರಿಯಾಗಿ ನಮ್ಮ ಮಾತು ಕೂರಿಸಿ ಹೇಳುವ ಕೆಲಸ. ಗುಬ್ಬಿಗೆ ಗೊತ್ತಿದ್ದದ್ದು ಒಂದೇ, ಅಮ್ಮ ಕಾರ್ಟೂನಿನ ಮೊಲಕ್ಕೆ ದನಿ ಕೊಡುತ್ತಾಳೆ. ಸ್ಕೂಲಿಗೇ ಗೊತ್ತಿದ್ದದ್ದೂ ಅದೇ. ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು ಊಟದ ಹೊತ್ತಿನಲ್ಲಿ ಬಂದು, “ಅಕ್ಕಾ, ಮೊಲ ನಿಮ್ಮನೇಲೇ ಇರುತ್ತಾ?” ಎಂದು ಕೇಳುತ್ತಿದ್ದವು. ಆಗ ಗುಬ್ಬಿಯ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಅಂಥ ಅಮ್ಮನ ಮನೆಯಲ್ಲಿ ‘ಕತ್ತೆ’ ಎಂದರೂ ತಪ್ಪು. ಒಮ್ಮೆ ಅಪ್ಪನ ಕಾಲಮೇಲೆ ಇಸ್ತ್ರಿಪೆಟ್ಟಿಗೆ ಬಿತ್ತು. ಪಾಪ, ಅಪ್ಪ ‘ಥತ್’ ಎಂದರು. “ಮಗು ಇದೆ ರೀ,” ಎಂದಳು ಅಮ್ಮ. ಆಮೇಲೆಯೇ ಕಾಲಿಗೆ ಮುಲಾಮು ಹಚ್ಚಿದ್ದು.

ಸಿನಿಮಾದ ವಿಷಯದಲ್ಲೂ ಹಾಗೇ. ಭಾನುವಾರ ಅಮ್ಮ ಆರಿಸುವ ಸಿನಿಮಾದಲ್ಲಿ ಒಬ್ಬ ಮುದುಕ ಬೆಳಿಗ್ಗೆ ಕಿಟಕಿ ತೆರೆಯುತ್ತಾನೆ, ಸಂಜೆ ಮುಚ್ಚುತ್ತಾನೆ. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಕಿಟಕಿ ತೆರೆಯುವುದನ್ನು ಅಪ್ಪ ನೋಡುತ್ತಾರೆ. ಮುಚ್ಚುವ ಹೊತ್ತಿಗೆ ಗೊರಕೆ ಹೊಡೆಯುತ್ತಿರುತ್ತಾರೆ. ಗುಬ್ಬಿಗೂ ಆ ಮುದುಕ ಒಂದಿಷ್ಟು ಬೇಗ ಕಿಟಕಿ ಮುಚ್ಚಬಾರದೇ ಅನ್ನಿಸುತ್ತಿತ್ತು. ಆದರೂ ಅಮ್ಮ ಹೇಳಿದ್ದೇ ಸರಿ ಎಂದು ನಂಬಿದ್ದಳು. ಎಷ್ಟು ನಂಬಿದ್ದಳೆಂದರೆ, ಹೋದ ತಿಂಗಳು ಸ್ಪ್ರಿಂಗು ಆಟದಲ್ಲಿ ಒಂದು ಕೆಟ್ಟ ಮಾತಾಡಿದಾಗ ನೆಟ್ಟಗೆ ಹೋಗಿ ಮಿಸ್ಸಿಗೆ ಹೇಳಿಬಿಟ್ಟಿದ್ದಳು. ಅವನು ಒಂದು ಇಡೀ ಪೀರಿಯಡ್ ಕ್ಲಾಸಿನ ಹೊರಗೆ ನಿಂತಿದ್ದ.

ಗುಬ್ಬಿ ಮನೆಯೊಳಗೆ ಬಂದಾಗ ಅಮ್ಮ ಟವೆಲ್ ಮಡಚುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅಪ್ಪ, ಯಾರದೋ ಫ್ರೇಮಿಗೆ ಪುಟಾಣಿ ಸ್ಕ್ರೂ ಹಾಕುತ್ತಿದ್ದರು.

“ಇಷ್ಟು ಬೇಗ ಬಂದ್ಯಾ ಕಂದಾ? ಚಾರ್ಟ್ ಮುಗೀತಾ?” ಅಮ್ಮನ ದನಿ ಎಂದಿನ ಹಾಗೇ ಮೆತ್ತಗಿತ್ತು.

ಗುಬ್ಬಿ ಅಮ್ಮನ ಮುಂದೆ ಹೋಗಿ ನಿಂತಳು. ಕೈ ಸೊಂಟದ ಮೇಲಿಟ್ಟಳು. “ನನ್ನ ಮುಂದೆ ನಿಲ್ಲೋ ಯೋಗ್ಯತೆ ಇಲ್ಲ ಕಣೋ ನಿನಗೆ,” ಎಂದಳು. ಉಸಿರು ತೆಗೆದುಕೊಂಡು, ಆ ಪದವನ್ನೂ ಹೇಳಿದಳು.

ಅಪ್ಪನ ಕೈಯಿಂದ ಸ್ಕ್ರೂ ಜಾರಿತು.

“ಕೊನೇ ಪದಕ್ಕೆ ಮುಂಚೆ ಉಸಿರು ತಗೋಬಾರ್ದು,” ಎಂದಳು ಅಮ್ಮ. “ತಗೊಂಡ್ರೆ ಅವಳ ತುಟಿ ಮುಚ್ಚಿಹೋಗುತ್ತೆ, ನಮ್ಮ ಮಾತು ಹಿಂದೆ ಉಳಿಯುತ್ತೆ. ಒಂದೇ ಉಸಿರಲ್ಲಿ...”

ಅಷ್ಟು ಹೇಳಿದ ಮೇಲೆ ತಾನೇನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಿತು. ಬಾಯಿಮೇಲೆ ಟವೆಲ್ ಒತ್ತಿಕೊಂಡಳು. ಹತ್ತು ವರ್ಷ ತಪ್ಪು ಮಾತು ತಿದ್ದಿದ ಅಮ್ಮ, ಕೆಟ್ಟ ಮಾತನ್ನು ಇನ್ನೂ ಚೆನ್ನಾಗಿ ಹೇಳುವುದು ಹೇಗೆಂದು ಪಾಠ ಮಾಡಿಬಿಟ್ಟಿದ್ದಳು.

“ಹಾಗಾದ್ರೆ ಅದು ನೀನೇ,” ಎಂದಳು ಗುಬ್ಬಿ.

“ನಾನಲ್ಲ ಕಂದಾ. ಅವಳು. ಆ ಕೋಟಿನವಳು. ನಾನು ಬರೀ ದನಿ ಕೊಟ್ಟೆ.”

“ಬಾಯಿ ನಿಂದೇ ತಾನೇ?”

“ಅಲ್ಲಿ ನನ್ನೆದುರು ಯಾರೂ ಇರಲ್ಲ ಪುಟ್ಟಾ. ಸಣ್ಣ ರೂಮು, ಒಂದು ಮೈಕು. ಗಾಜಿನಾಚೆ ಸೌಂಡ್ ಮಾಡೋವ್ರು, ಅವರೂ ಬಟನ್ ನೋಡ್ತಿರ್ತಾರೆ. ಅದು ನನ್ನ ಕೆಲಸ. ಬರೀ ಮೊಲ ಒಂದರಿಂದ್ಲೇ ಮನೆ ನಡೆಯಲ್ಲ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

ಅಮ್ಮ ಟವೆಲನ್ನು ಬಿಡಿಸಿದಳು, ಮತ್ತೆ ಮಡಚಿದಳು. “ನಾಚಿಕೆ ಆಯ್ತು,” ಎಂದಳು. “ನೀನು ಎಲ್ರಿಗೂ ಮೊಲ, ಮೊಲ ಅಂತ ಹೇಳ್ಕೊಂಡು ಬರ್ತಿದ್ದೆ. ಹೇಳೋಕೆ ಬಾಯೇ ಬರಲಿಲ್ಲ.”

ಗುಬ್ಬಿಗೆ ಸಮಾಧಾನವಾಗಲಿಲ್ಲ. ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಭಯ. ಸೋಮವಾರ ಸ್ಪ್ರಿಂಗು ಕ್ಲಾಸಿನಲ್ಲಿ ಹೇಳಿದರೆ ಮುಗಿಯಿತು. ಆ ಒಂದನೇ ಕ್ಲಾಸಿನ ಚಿಕ್ಕವರ ಮುಂದೆ ತಲೆಯೆತ್ತುವುದು ಹೇಗೆ? ಅವನು ಹೇಳದೆ ಬಿಡುತ್ತಾನೆಯೇ? ಹೊರಗೆ ನಿಲ್ಲಿಸಿದ ಸೇಡು ಬಾಕಿಯಿದೆಯಲ್ಲ.

ಭಾನುವಾರ ಸಿನಿಮಾ ಹಾಕಲು ಯಾರೂ ಏಳಲಿಲ್ಲ. ಅಪ್ಪ ಆ ಸ್ಕ್ರೂವನ್ನು ಹುಡುಕುತ್ತಾ ಮಂಚದ ಕೆಳಗೆ ತೆವಳಿದರು. ಗುಬ್ಬಿ ಅಮ್ಮನೊಡನೆ ಬೇಕಾದಷ್ಟೇ ಮಾತಾಡಿದಳು, ಹೂಂ ಮತ್ತು ಊಹೂಂ.

ಸೋಮವಾರ ಬೆಳಿಗ್ಗೆ ಗುಬ್ಬಿ ಸ್ಕೂಲಿನ ವರಾಂಡಕ್ಕೆ ಕಾಲಿಟ್ಟಾಗ ಕುಡಿಯುವ ನೀರಿನ ನಲ್ಲಿಯ ಬಳಿ ಏಳೆಂಟು ಮಕ್ಕಳ ಗುಂಪು. ನಡುವೆ ಸ್ಪ್ರಿಂಗು. ಎರಡು ಬೆರಳು ಗನ್ನಿನ ಹಾಗೆ ಹಿಡಿದು, ಒಂದು ಕಾಲು ಕಟ್ಟೆಯ ಮೇಲಿಟ್ಟು, ಕುಣಿಕುಣಿದು ಏನೋ ಹೇಳುತ್ತಿದ್ದ. ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು.

ಅವನ ಕಣ್ಣಿಗೆ ಗುಬ್ಬಿ ಬಿದ್ದಳು. ಥಟ್ಟನೆ ಕೈ ಇಳಿಸಿದ. ಗುಂಪಿನ ನಗು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು.

ಹೇಳಿಬಿಟ್ಟ, ಎಂದುಕೊಂಡಳು ಗುಬ್ಬಿ. ಕಾಲು ತಾವಾಗಿಯೇ ನಡೆದವು. ಅವನ ಮುಂದೆ, ಒಂದು ಮೊಳ ದೂರದಲ್ಲಿ ನಿಂತಳು.

“ನನ್ನ ಮುಂದೆ ನಿಲ್ಲೋ ಯೋಗ್ಯತೆ ಇಲ್ಲ ಕಣೋ ನಿನಗೆ,” ಎಂದಳು. ಈ ಸಲ ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಕೊನೆಯ ಪದ ಒಂದೇ ಉಸಿರಿನಲ್ಲಿ, ಅಮ್ಮ ಹೇಳಿಕೊಟ್ಟ ಹಾಗೇ, ಚೂರಿಯಂತೆ ನೆಟ್ಟಗೆ ಬಂತು.



ಸ್ಪ್ರಿಂಗು ಅಲ್ಲಾಡಲಿಲ್ಲ. ಒಂದನೇ ಕ್ಲಾಸಿನಿಂದ ಅವನನ್ನು ನೋಡಿದ ಯಾರೂ ಅವನು ಹಾಗೆ ನಿಂತದ್ದು ಕಂಡಿರಲಿಲ್ಲ. ಮೊದಲು ಅವನ ಕಿವಿ ಕೆಂಪಾಯಿತು. ಆಮೇಲೆ ನಗಲು ನೋಡಿದ. ತುಟಿಯ ಒಂದು ತುದಿ ಮೇಲೆ ಹೋಯಿತು, ಇನ್ನೊಂದು ಹೋಗಲಿಲ್ಲ. ಗಲ್ಲ ಸಣ್ಣಗೆ ನಡುಗಿತು. ಅದನ್ನು ಯಾರೂ ನೋಡಬಾರದೆಂದು ನಲ್ಲಿಯ ಕಡೆ ತಿರುಗಿ, ಬಾಯಾರಿಕೆಯಿಲ್ಲದಿದ್ದರೂ ನೀರು ಕುಡಿದ.

“ಏನೇ ಗುಬ್ಬಿ,” ಎಂದಳು ಪಕ್ಕದ ಬೆಂಚಿನ ಹುಡುಗಿ, ಮೆಲ್ಲಗೆ. “ಅವನು ಬೋಟ್ ಚೇಸಿಂಗ್ ಕತೆ ಹೇಳ್ತಿದ್ದ ಅಷ್ಟೇ. ನಿನಗೆ ಫೈಟ್ ಸಿನಿಮಾ ಅಂದ್ರೆ ಆಗಲ್ವಲ್ಲ, ಮಿಸ್ಸಿಗೆ ಹೇಳ್ತೀಯ ಅಂತ ನಿಲ್ಲಿಸಿದ.”

“ಅಷ್ಟೇನಾ? ಬೇರೇನೂ ಹೇಳ್ಲಿಲ್ವಾ?”

“ಇನ್ನೇನಿದೆ ಹೇಳೋಕೆ?”

ಗುಬ್ಬಿ ಸ್ಪ್ರಿಂಗಿನ ಬೆನ್ನು ನೋಡಿದಳು.

ಅಷ್ಟರಲ್ಲಿ ಮಿಸ್ ಬಂದರು. “ಏನಿದು, ಎಲ್ಲಾ ಹೀಗೆ ಗುಂಪು ಕಟ್ಟಿದ್ದೀರಿ? ಏನಾಯ್ತು?”

ಮಕ್ಕಳೆಲ್ಲ ಸ್ಪ್ರಿಂಗಿನ ಕಡೆ ನೋಡಿದರು. ಅವನು ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡ. “ಏನಿಲ್ಲ ಮಿಸ್,” ಎಂದ.

ಆ ದಿನ ಮಿಸ್ ಏನು ಪಾಠ ಮಾಡಿದರೋ ಗುಬ್ಬಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಬೋರ್ಡ್ ನೋಡಿದರೂ ಆ ಮುಖ, ಪುಸ್ತಕ ತೆರೆದರೂ ಆ ಮುಖ. ಸಿನಿಮಾದಲ್ಲಿ ಆ ಪದ ಕೇಳಿದ ಬಡಪಾಯಿ ನೀರಿಗೆ ಬಿದ್ದಿದ್ದ, ಕತೆ ಮುಂದೆ ಹೋಗಿತ್ತು. ಸ್ಪ್ರಿಂಗು ಎಲ್ಲಿಗೂ ಹೋಗದೆ ಎರಡು ಬೆಂಚು ಮುಂದೆ ಬೆನ್ನು ಮಾಡಿ ಕುಳಿತಿದ್ದ.

ಸಂಜೆ ಗುಬ್ಬಿ ಅವನ ಮನೆಯ ಮುಂದೆ ಮೂರು ಸಲ ನಡೆದು ಹೋದಳು. ನಾಲ್ಕನೇ ಸಲ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಏನೋ ಡಬಾರೆಂದು ಬಿತ್ತು. ಅದರ ಹಿಂದೆಯೇ ಅಜ್ಜಿಯ ದನಿ, ಮತ್ತು ಅದೇ ಪದ.

“ಪೂರ್ತಿ ಹಿಟ್ಟು ಚೆಲ್ಲಿದ್ಯಲ್ಲೋ,” ಎನ್ನುತ್ತಿದ್ದರು ಅಜ್ಜಿ. “ನೋಡು ನಿನ್ನ ಮೂತಿ, ಸುಣ್ಣ ಬಳಿದ ಹಾಗಿದೆ.” ಮತ್ತೊಮ್ಮೆ ಅದೇ ಪದ.

ಸ್ಪ್ರಿಂಗು ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಮೂಗಿನ ತುದಿಯ ಹಿಟ್ಟು ಹಾರುವ ಹಾಗೆ ನಗುತ್ತಿದ್ದ.

ಗುಬ್ಬಿ ಹೊಸಿಲಿನಲ್ಲೇ ನಿಂತಳು. ಅಜ್ಜಿ ಅಂದದ್ದೂ ಅದೇ ಪದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅದನ್ನು ಕೇಳಿ ಅವನು ಇಷ್ಟು ನಗಬಲ್ಲನಾದರೆ, ಬೆಳಿಗ್ಗೆ ಅವನ ಗಲ್ಲ ನಡುಗಿದ್ದು ಯಾಕೆ?

ಅವನು ತಲೆಯೆತ್ತಿ ಅವಳನ್ನು ನೋಡಿದ. ನಗು ಅಲ್ಲೇ ನಿಂತುಹೋಯಿತು. ತನ್ನನ್ನು ಕಂಡು ಒಬ್ಬರ ನಗು ಹಾಗೆ ನಿಲ್ಲುವುದನ್ನು ಗುಬ್ಬಿ ಈ ದಿನ ಎರಡನೇ ಸಲ ನೋಡಿದಳು.

“ಬಾರೇ ಹುಡುಗಿ, ಬಾಗಿಲಲ್ಲೇ ಯಾಕೆ ನಿಂತೆ?” ಎಂದರು ಅಜ್ಜಿ. ಇಬ್ಬರ ಮುಖವನ್ನೂ ಮತ್ತೆಮತ್ತೆ ನೋಡಿದರು. “ಇದೇನು, ಇಬ್ರೂ ಮುಖ ಗಂಟು ಹಾಕ್ಕೊಂಡಿದ್ದೀರಿ? ಜಗಳ ಆಯ್ತಾ?”

“ಇಲ್ಲ ಅಜ್ಜಿ,” ಎಂದ ಸ್ಪ್ರಿಂಗು, ನೆಲದ ಹಿಟ್ಟನ್ನು ಕೈಯಿಂದ ಗುಡಿಸುತ್ತಾ. “ಇವಳು ಸ್ಕೂಲಲ್ಲಿ ಒಂದು ಸಿನಿಮಾ ಡೈಲಾಗ್ ಹೊಡೆದ್ಲು. ಮೊನ್ನೆ ನೋಡಿದ್ವಲ್ಲ, ಆ ಕೋಟಿನವಳದ್ದು. ಅಷ್ಟೇ.” ಆಮೇಲೆ ತಲೆಯೆತ್ತದೆ ಗುಬ್ಬಿಗೆ ಹೇಳಿದ, “ಅಲ್ವಾ? ಅದು ಅವಳು ತಾನೇ ಅಂದಿದ್ದು?”

‘ಹೂಂ’ ಎಂದರೆ ಸಾಕಿತ್ತು. ಅಜ್ಜಿ ನಗುತ್ತಿದ್ದರು, ಚಾರ್ಟ್ ಹೊರಗೆ ಬರುತ್ತಿತ್ತು, ಎಲ್ಲ ಮೊದಲಿನಂತೆ ಆಗಿಬಿಡುತ್ತಿತ್ತು. ‘ಹೂಂ’ ಗುಬ್ಬಿಯ ನಾಲಗೆಯ ತುದಿಗೇ ಬಂದಿತ್ತು.

“ಅಲ್ಲ,” ಎಂದಳು. “ಅವಳಲ್ಲ. ನಾನೇ ಅಂದಿದ್ದು.”

ಸ್ಪ್ರಿಂಗಿನ ಕೈ ನಿಂತಿತು. ಅವನು ತಲೆಯೆತ್ತಿದ. ಮುಖದ ತುಂಬ ಹಿಟ್ಟು, ಆದರೂ ಬೆಳಗಿನ ನೋವು ಅಲ್ಲಿ ಹಾಗೇ ಕಾಣುತ್ತಿತ್ತು. ಗುಬ್ಬಿ ಈ ಸಲ ಕಣ್ಣು ತಪ್ಪಿಸದೆ ಆ ಮುಖವನ್ನೇ ನೋಡುತ್ತಾ ನಿಂತಳು.