ಹಸಿರಿನಡಿಯ ಕೆಂಪು

ನಗುವವರು ನಗಲಿ, ಇದು ನಡೆದದ್ದು ನಡುಹಗಲಲ್ಲಿ. ಬಿಳಿಗೆರೆಯ ಮಲ್ಲಿಕಾರ್ಜುನಯ್ಯನವರು ತಮ್ಮ ತೆಂಗಿನ ತೋಟದ ಚಿತ್ರ ಬರೆಯಲು ನನ್ನನ್ನು ಕರೆಸಿದ್ದರು. ಹಾಳೆಗೆಲ್ಲ ಮೊದಲು ಪೇಸ್ಟಲ್ ಎಂಬ ಪುಡಿಬಳಪದ ಕೆಂಪು ಬಳಿದೆ. ಮೇಲೆ ಹಚ್ಚುವ ಹಸಿರಿಗೆ ಅದರಿಂದಲೇ ಜೀವ.

ಬಾವಿ ಪಕ್ಕದ ಮರದ ಬುಡಕ್ಕೆ ಹಸಿರು ತೀಡಿದಾಗ ಬೆನ್ನ ಹಿಂದೆ ಏನೋ ದೊಪ್ಪೆಂದು ಬಿತ್ತು. ತಿರುಗಿದರೆ ಕಾಯಿಯೂ ಇಲ್ಲ, ಗರಿಯೂ ಇಲ್ಲ. ಮತ್ತೆ ತೀಡಿದೆ, ಮತ್ತೆ ದೊಪ್ಪೆಂದಿತು.

ಎಳನೀರು ತಂದ ಯಜಮಾನರನ್ನು ಕೇಳಿದೆ. ನಕ್ಕರು.

"ಕಾಯಿ ಕೀಳೋ ತಿಮ್ಮೇಶ ಆ ಮರದಿಂದ್ಲೇ ಬಿದ್ದು ಸತ್ತ ಕಣ್ರೀ. ಗೊನೆ ಮೇಲೇ ಉಳ್ಕೊಂಡಿತ್ತು. ಹೆಣ ಎತ್ತೋಕ್ ಮುಂಚೇನೇ ಅವನ ತಮ್ಮನ್ನ ಹತ್ತಿಸ್ದೆ. ಕೆಲ್ಸ ನಿಲ್ಸೋಕಾಯ್ತದಾ? ನೀವು ಬರೀರಿ."

ಬರೆದುಕೊಟ್ಟೆ. ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು.

ಮೊನ್ನೆ ಮತ್ತೆ ಕರೆಸಿದರು. ಗಾಜಿನೊಳಗೆ, ಆ ಮರದ ಕೆಳಗೆ, ಕೆಂಪು ಪುಡಿ ಉದುರಿ ಗುಡ್ಡೆಯಾಗಿತ್ತು. ಚೌಕಟ್ಟು ಬಿಚ್ಚಿ ನೋಡಿದೆ. ಮೇಲಿನ ಹಸಿರು ಚೂರೂ ಕದಲಿರಲಿಲ್ಲ.

"ಇನ್ನೊಂದ್ ಸಲ ಹಸಿರು ಬಳೀರಿ, ಮುಚ್ಕೋತದೆ ಬುಡಿ," ಎಂದರು.

ಬಳಪ ತಾಗಿಸಿದೆ. ನಮ್ಮ ತಲೆಯ ಮೇಲೆ, ಅಟ್ಟದಲ್ಲಿ, ದೊಪ್ಪೆಂದಿತು.

"ಕಾಯಿ ಉರುಳಿರಬೇಕು," ಎಂದೆ.

ಯಜಮಾನರು ಮೇಲೆ ನೋಡುತ್ತಲೇ ಒಂದು ಹೆಜ್ಜೆ ಹಿಂದೆ ಸರಿದರು. "ಅಟ್ಟ ಖಾಲಿ ಕಣ್ರೀ. ಕೊಬ್ಬರಿ ಮಾರಿ ತಿಂಗಳಾಯ್ತು."